ಓದುಗರ ಪ್ರಶ್ನೆ: ವಂಶವಾಹಿ ಪರೀಕ್ಷೆ ಯಾರ ನಿರ್ಧಾರ?

ಪ್ರಶ್ನೆ: ಮಾನ್ಯರೇ, ನನಗೆ 26 ವರ್ಷ. ನಮ್ಮ ತಂದೆಯವರಿಗೆ ನಲವತ್ತು ದಾಟಿದ ಮೇಲೆ ಕೈಕಾಲುಗಳು ತಮ್ಮಷ್ಟಕ್ಕೆ ತಾವೇ ಅಲುಗಾಡತೊಡಗಿದವು. ಸಿಟ್ಟು ಹೆಚ್ಚಾಯಿತು, ಅಂಗಡಿಯ ಲೆಕ್ಕ ತಪ್ಪತೊಡಗಿತು. ಕುಡಿತ ಎಂದವರೂ ಉಂಟು, ಯಾರೋ ಮಾಟ ಮಾಡಿಸಿದ್ದಾರೆ ಎಂದವರೂ ಉಂಟು. ಕೊನೆಗೆ ಬೆಂಗಳೂರಿನಲ್ಲಿ ರಕ್ತಪರೀಕ್ಷೆಯಾಗಿ ಹಂಟಿಂಗ್ಟನ್ ಎಂಬ ಮಿದುಳಿನ ಆನುವಂಶಿಕ ಕಾಯಿಲೆ ಎಂದು ತಿಳಿಯಿತು. ನನಗೂ ನನ್ನ 15 ವರ್ಷದ ತಮ್ಮನಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧವಂತೆ. ಈಗ ನನಗೊಂದು ಸಂಬಂಧ ಬಂದಿದೆ. "ಮೊದಲು ಪರೀಕ್ಷೆ ಮಾಡಿಸು. ಇಲ್ಲ ಎಂದು ಬಂದರೆ ಗಂಡಿನ ಕಡೆಯವರಿಗೆ ಕಾಗದ ತೋರಿಸೋಣ, ಇದೆ ಎಂದು ಬಂದರೆ ಬಾಯಿ ಬಿಡುವುದು ಬೇಡ" ಎಂದು ದೊಡ್ಡಪ್ಪ ಹೇಳುತ್ತಿದ್ದಾರೆ. ಜೊತೆಯಲ್ಲೇ ತಮ್ಮನದ್ದೂ ಮಾಡಿಸಿಬಿಡೋಣ ಎಂಬುದು ಅಮ್ಮನ ಒತ್ತಾಯ. ನನಗಂತೂ ತಿಳಿದುಕೊಳ್ಳುವ ಇಷ್ಟವಿಲ್ಲ. ಇದು ನನ್ನ ಸ್ವಾರ್ಥವೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಅಲ್ಲ. ರಕ್ತವನ್ನು ಈ ಪರೀಕ್ಷೆಗೆ ಕೊಡುವುದೋ ಬಿಡುವುದೋ ಎಂಬ ನಿರ್ಧಾರ ನಿಮ್ಮೊಬ್ಬರದು; ದೊಡ್ಡಪ್ಪನವರದ್ದಲ್ಲ, ತಾಯಿಯವರದ್ದಲ್ಲ, ನೋಡಲು ಬರಲಿರುವವರದ್ದೂ ಅಲ್ಲ. ಆದರೆ ನಿಮ್ಮ ಮನೆಯಲ್ಲಿ ಎರಡು ಬೇರೆ ವಿಷಯಗಳನ್ನು ಒಂದೇ ಎಂಬಂತೆ ಚರ್ಚಿಸುತ್ತಿರುವುದರಿಂದ ನಿಮಗೆ ಇಷ್ಟು ಕಷ್ಟವಾಗಿದೆ ಎಂದು ನನಗೆ ತೋರುತ್ತದೆ. ತಂದೆಯವರಿಗೆ ಕಾಯಿಲೆ ಇದೆ ಎಂಬುದು ಈಗಾಗಲೇ ಗೊತ್ತಿರುವ ಸಂಗತಿ, ಮತ್ತು ಆ ಕುಟುಂಬದಲ್ಲಿ ಹುಟ್ಟಿದವರಿಗೂ ಅದಕ್ಕೆ ಸೇರಲಿರುವವರಿಗೂ ಅದು ಸಂಬಂಧಪಟ್ಟದ್ದು. ನಿಮ್ಮ ಮೈಯಲ್ಲಿ ಆ ವಂಶವಾಹಿ ಇದೆಯೇ ಎಂಬುದು ಇನ್ನೂ ಯಾರಿಗೂ ಗೊತ್ತಿಲ್ಲದ ಸಂಗತಿ, ಮತ್ತು ಅದನ್ನು ಗೊತ್ತು ಮಾಡಿಕೊಳ್ಳುವುದು ನಿಮಗೆ ಮಾತ್ರ ಬಿಟ್ಟದ್ದು. ಮೊದಲನೆಯದನ್ನು ಬಚ್ಚಿಡದೆ ಎರಡನೆಯದನ್ನು ತಿಳಿಯದೆ ಬಾಳುವುದು ಸಾಧ್ಯ. ದೊಡ್ಡಪ್ಪನವರು ಇದನ್ನು ತಿರುಗಿಸಿ ಹಾಕಿದ್ದಾರೆ: ನಿಮ್ಮದೇ ಆದದ್ದನ್ನು ಬಯಲಿಗೆ ತರಬೇಕು, ಎಲ್ಲರಿಗೂ ಸೇರಿದ್ದನ್ನು ಮುಚ್ಚಿಡಬೇಕು.

ಈ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ಸ್ಪಷ್ಟವಾಗಿರಲಿ. ಜಾರ್ಜ್ ಹಂಟಿಂಗ್ಟನ್ ಎಂಬ ಅಮೆರಿಕದ ಯುವ ವೈದ್ಯರು 1872ರಲ್ಲಿ ವಿವರಿಸಿದ ಈ ಕಾಯಿಲೆಯ ಮೂಲ 4ನೆಯ ವರ್ಣತಂತುವಿನಲ್ಲಿದೆ ಎಂಬುದು 1983ರಲ್ಲಿ ತಿಳಿಯಿತು. ವಂಶವಾಹಿಯೇ ಕೈಗೆ ಸಿಕ್ಕಿದ್ದು 1993ರಲ್ಲಿ. ಅದರಲ್ಲಿ ಸಿ, ಎ, ಜಿ ಎಂಬ ಮೂರು ರಾಸಾಯನಿಕ ಅಕ್ಷರಗಳ ಗುಂಪು ಮತ್ತೆ ಮತ್ತೆ ಬರುತ್ತದೆ. ಹೀಗೆ ಬರುವುದು 26 ಬಾರಿಯವರೆಗೆ ಇದ್ದರೆ ಸಹಜ, 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪೂರ್ಣಾಯುಷ್ಯ ಬದುಕಿದವರಿಗೆ ಕಾಯಿಲೆ ಬಂದೇ ಬರುತ್ತದೆ, ನಡುವಿನ ಸಂಖ್ಯೆಗಳಲ್ಲಿ ಮಸುಕು ಪ್ರದೇಶವೊಂದಿದೆ. ಅಂದರೆ ಪರೀಕ್ಷೆ ಮಾಡಿಸಿದವರೆಲ್ಲರಿಗೂ ಹೌದು ಅಥವಾ ಇಲ್ಲ ಎಂಬ ಖಚಿತ ಉತ್ತರ ಸಿಗುತ್ತದೆ ಎಂದು ಹೇಳಲಾಗದು. ಹೌದು ಎಂದು ಬಂದರೂ ಯಾವ ವಯಸ್ಸಿಗೆ ಶುರುವಾಗುತ್ತದೆ, ಮೊದಲು ಕೈಕಾಲಿಗೆ ಬರುತ್ತದೆಯೋ ಮನಸ್ಸಿಗೆ ಬರುತ್ತದೆಯೋ ಎಂಬುದನ್ನು ಯಾವ ಪ್ರಯೋಗಾಲಯವೂ ನಿಮಗೆ ಬರೆದುಕೊಡಲಾರದು. ಅಲುಗಾಟವನ್ನು ತಗ್ಗಿಸಲು ಔಷಧಗಳಿವೆ, ಖಿನ್ನತೆ ಮತ್ತು ಸಿಟ್ಟಿಗೆ ಔಷಧಗಳಿವೆ, ವಂಶವಾಹಿ ಚಿಕಿತ್ಸೆಯ ಪ್ರಯೋಗಗಳೂ ನಡೆಯುತ್ತಿವೆ. ಆದರೆ ಲಕ್ಷಣ ಕಾಣುವ ಮೊದಲೇ ಸೇವಿಸಿ ಕಾಯಿಲೆಯನ್ನು ತಡೆಯಬಹುದಾದ ಔಷಧ ಇನ್ನೂ ಚಿಕಿತ್ಸೆಯ ಬಳಕೆಗೆ ಬಂದಿಲ್ಲ. ತಿಳಿದುಕೊಂಡರೆ ಚಿಕಿತ್ಸೆಯ ಲಾಭವಿದೆ ಎಂಬ ವಾದ, ಸದ್ಯಕ್ಕಂತೂ, ಇಲ್ಲಿ ನಿಲ್ಲುವುದಿಲ್ಲ.

ಹಾಗಿದ್ದೂ ತಿಳಿದುಕೊಳ್ಳಬಯಸುವವರಿದ್ದಾರೆ, ಅವರ ಕಾರಣಗಳೂ ದೊಡ್ಡವೇ. ಅನಿಶ್ಚಯವನ್ನೇ ಸಹಿಸಲಾಗದವರು, ಮಕ್ಕಳ ವಿಷಯ ಯೋಚಿಸುವವರು, ಉದ್ಯೋಗ ಮತ್ತು ಉಳಿತಾಯವನ್ನು ಮೊದಲೇ ಹೊಂದಿಸಿಕೊಳ್ಳಬೇಕೆನ್ನುವವರು ಪರೀಕ್ಷೆಗೆ ಬರುತ್ತಾರೆ. ಆದರೆ ಪರೀಕ್ಷೆ ಸುಲಭವಾಗಿ ಸಿಗುವ ಪಶ್ಚಿಮದ ದೇಶಗಳಲ್ಲೂ ನಿಮ್ಮಂತೆ ಅರ್ಧಕ್ಕರ್ಧ ಸಾಧ್ಯತೆಯಿರುವವರ ಪೈಕಿ ಪರೀಕ್ಷೆ ಮಾಡಿಸಿಕೊಂಡವರು ಸಾಮಾನ್ಯವಾಗಿ ಐದರಲ್ಲಿ ಒಬ್ಬರಿಗಿಂತ ಕಡಿಮೆ. ನ್ಯಾನ್ಸಿ ವೆಕ್ಸ್ಲರ್ ಅವರ ಉದಾಹರಣೆಯನ್ನು ನೋಡಿ. ತಾಯಿಗೆ ಈ ಕಾಯಿಲೆ ಬಂದದ್ದನ್ನು ಕಂಡ ಈ ವಿಜ್ಞಾನಿ ವೆನೆಜುವೆಲಾದ ಮರಕೈಬೊ ಸರೋವರದ ದಡದ ಕುಟುಂಬಗಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿ, ಆ ವಂಶವಾಹಿಯನ್ನು ಪತ್ತೆ ಹಚ್ಚಿದ ತಂಡಗಳ ಬೆನ್ನೆಲುಬಾಗಿದ್ದರು. ಪರೀಕ್ಷೆಯನ್ನು ಸಾಧ್ಯವಾಗಿಸಿದವರಲ್ಲಿ ಒಬ್ಬರಾದ ಅವರೇ, ತಾವು ಅದನ್ನು ಮಾಡಿಸಿಕೊಂಡಿದ್ದಾರೋ ಇಲ್ಲವೋ ಎಂಬುದನ್ನು ದಶಕಗಳ ಕಾಲ ಸಾರ್ವಜನಿಕವಾಗಿ ಹೇಳಲಿಲ್ಲ. ತಮಗೂ ಕಾಯಿಲೆಯಿದೆ ಎಂದು ಅವರು ಬಹಿರಂಗವಾಗಿ ಹೇಳಿದ್ದು 2020ರಲ್ಲಿ. ಈ ಮೌನವನ್ನು ಯಾರೂ ಅಜ್ಞಾನ ಎನ್ನಲಾರರು. ಯುನೆಸ್ಕೊ 1997ರಲ್ಲಿ ಅಂಗೀಕರಿಸಿದ ಮಾನವ ಜೀನೋಮ್ ಮತ್ತು ಮಾನವ ಹಕ್ಕುಗಳ ಘೋಷಣೆಯು, ತನ್ನ ವಂಶವಾಹಿ ಪರೀಕ್ಷೆಯ ಫಲಿತಾಂಶವನ್ನು ತಿಳಿಯಬೇಕೇ ಬೇಡವೇ ಎಂದು ತೀರ್ಮಾನಿಸುವ ಹಕ್ಕು ಪ್ರತಿಯೊಬ್ಬ ವ್ಯಕ್ತಿಯದು ಎಂದು ಹೇಳುತ್ತದೆ.

ತಮ್ಮನ ವಿಷಯದಲ್ಲಿ ನನ್ನ ಉತ್ತರ ಇನ್ನೂ ನೇರ: ಮಾಡಿಸಬೇಡಿ. ಲಕ್ಷಣಗಳಿಲ್ಲದ ಹುಡುಗನಿಗೆ, ದೊಡ್ಡವನಾದ ಮೇಲೆ ಬರಬಹುದಾದ, ಈಗ ಏನೂ ಮಾಡಲಾಗದ ಕಾಯಿಲೆಯ ಪರೀಕ್ಷೆಯನ್ನು ಹೆತ್ತವರ ಇಚ್ಛೆಯ ಮೇರೆಗೆ ಮಾಡಬಾರದು ಎಂಬುದು ಹಂಟಿಂಗ್ಟನ್ ರೋಗಿಗಳ ಸಂಘಟನೆಗಳೂ ನರರೋಗ ತಜ್ಞರೂ ಸೇರಿ 1990ರ ದಶಕದಲ್ಲೇ ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಯ ನಿಲುವು. ಅವನಿಗೆ 18 ತುಂಬಿದ ಮೇಲೆ ಅವನೇ ನಿರ್ಧರಿಸಲಿ. ಎಲ್ಲ ಆನುವಂಶಿಕ ಕಾಯಿಲೆಗಳಿಗೂ ಈ ಮಾತು ಅನ್ವಯಿಸುವುದಿಲ್ಲ ಎಂಬುದನ್ನು ತಾಯಿಯವರಿಗೆ ಹೇಳಿ; ದೊಡ್ಡ ಕರುಳಿನಲ್ಲಿ ನೂರಾರು ಗಂಟುಗಳು ಬೆಳೆದು ಕ್ಯಾನ್ಸರ್ ಆಗುವ ಒಂದು ಆನುವಂಶಿಕ ಕಾಯಿಲೆಯಲ್ಲಿ ಹತ್ತು ಹನ್ನೆರಡರ ವಯಸ್ಸಿನಿಂದಲೇ ಕರುಳಿನ ತಪಾಸಣೆ ಶುರುಮಾಡಬೇಕಾಗುವುದರಿಂದ ಅಲ್ಲಿ ಮಕ್ಕಳ ಪರೀಕ್ಷೆ ಸರಿಯಾದದ್ದೇ. ಇಲ್ಲಿ ಅಂಥ ಲಾಭವಿಲ್ಲ. ಹತ್ತನೆಯ ತರಗತಿಯ ಹುಡುಗನ ಕೈಯಲ್ಲಿ ಲೋಟ ಜಾರಿದಾಗಲೆಲ್ಲ ಮನೆಯವರೆಲ್ಲ ಅವನ ಬೆರಳುಗಳನ್ನೇ ನೋಡುವಂತಾದರೆ ಅವನ ಓದು, ಆಟ, ಗೆಳೆತನ ಏನಾಗಬಹುದೆಂದು ಅವರು ಒಮ್ಮೆ ಯೋಚಿಸಲಿ.

ಇನ್ನು ಮದುವೆ. ತಂದೆಯವರ ಕಾಯಿಲೆಯ ಹೆಸರು, ಅದು ಆನುವಂಶಿಕ ಎಂಬುದು, ನಿಮಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ ಎಂಬುದು, ನೀವು ಪರೀಕ್ಷೆ ಮಾಡಿಸಿಕೊಂಡಿಲ್ಲ ಮತ್ತು ಸದ್ಯಕ್ಕೆ ಮಾಡಿಸಿಕೊಳ್ಳುವುದಿಲ್ಲ ಎಂಬುದು, ಇಷ್ಟನ್ನು ನಿಶ್ಚಿತಾರ್ಥಕ್ಕೆ ಮೊದಲು ಹುಡುಗನಿಗೆ ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ಮನೆಮಂದಿಯೆಲ್ಲ ಕೂತಿರುವ ಪಡಸಾಲೆಯಲ್ಲಿ ಹೇಳಬೇಕಾಗಿಲ್ಲ. ಹುಡುಗನ ಜೊತೆ ನೀವೇ ಮಾತನಾಡಿ, ಬೇಕಿದ್ದರೆ ವೈದ್ಯರೊಬ್ಬರನ್ನು ಜೊತೆಗಿಟ್ಟುಕೊಳ್ಳಿ. ಮದುವೆಗೆ ಸಂಬಂಧಿಸಿದ ಮುಖ್ಯ ಸಂಗತಿಯನ್ನು ವಂಚನೆಯಿಂದ ಮುಚ್ಚಿಟ್ಟು ಒಪ್ಪಿಗೆ ಪಡೆದರೆ ಆ ವಿವಾಹವನ್ನು ಅನೂರ್ಜಿತಗೊಳಿಸುವಂತೆ ಕೇಳಲು ಹಿಂದೂ ವಿವಾಹ ಕಾಯಿದೆಯ 12ನೆಯ ಕಲಮಿನಲ್ಲಿ ಅವಕಾಶವಿದೆ ಎಂಬುದು ಒಂದು ಮಾತು. ಅದಕ್ಕಿಂತ ಮುಖ್ಯವಾದದ್ದು, ನಾಳೆ ಮಕ್ಕಳ ವಿಷಯದಲ್ಲಿ ನಿಮ್ಮೊಡನೆ ತೀರ್ಮಾನ ಮಾಡಬೇಕಾದವನು ಆ ಹುಡುಗ. ಅವನ ನಿರ್ಧಾರವೂ ನಿಮ್ಮ ನಿರ್ಧಾರದಷ್ಟೇ ತಿಳಿದು ಮಾಡಿದ್ದಾಗಿರಬೇಕು. ಸಂಬಂಧ ಮುರಿದುಹೋಗಬಹುದು. ಹೋಗಲಾರದು ಎಂದು ನಾನು ಸುಳ್ಳು ಸಮಾಧಾನ ಹೇಳಲಾರೆ.

ದೊಡ್ಡಪ್ಪನವರ ಯೋಜನೆಯ ಇನ್ನೊಂದು ದೋಷವನ್ನು ಅವರು ಗಮನಿಸಿದಂತಿಲ್ಲ. ನಿಮ್ಮ "ಇಲ್ಲ" ಎಂಬ ಕಾಗದವನ್ನು ಇಂದು ತೋರಿಸಿದರೆ, ನಾಳೆ ತಮ್ಮನ ಮದುವೆಯ ಹೊತ್ತಿಗೂ ಅಂಥದೇ ಕಾಗದವನ್ನು ಕೇಳುತ್ತಾರೆ. ಆಗ ಕಾಗದ ತೋರಿಸದಿರುವುದೇ ಕಾಯಿಲೆಯ ಗುರುತಾಗುತ್ತದೆ. ಜಾತಕದ ಜೊತೆ ಪ್ರಯೋಗಾಲಯದ ವರದಿಯನ್ನೂ ಇಟ್ಟು ಹೆಣ್ಣು ನೋಡುವ ರೂಢಿಗೆ ನಿಮ್ಮ ಮನೆಯಿಂದಲೇ ಚಾಲನೆ ಕೊಟ್ಟಂತಾಗುತ್ತದೆ. ಅಲ್ಲದೆ "ಇದೆ" ಎಂದು ಬಂದ ಪಕ್ಷದಲ್ಲಿ ಆ ಗುಟ್ಟನ್ನು ಗಂಡನಿಂದ ಮುಚ್ಚಿಟ್ಟುಕೊಂಡು ಸಂಸಾರ ಮಾಡಬೇಕಾದವರು ನೀವು, ಅವರಲ್ಲ. ರಕ್ತಸಂಬಂಧದಲ್ಲಿ ಕೊಡದಿದ್ದರೆ ಸಾಕು ಎಂದು ಯಾರಾದರೂ ಹೇಳಿದರೆ ಅದೂ ತಪ್ಪು. ಈ ಕಾಯಿಲೆಗೆ ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದ ಒಂದು ಪ್ರತಿಯೇ ಸಾಕು. ಸೋದರಮಾವನ ಮನೆಯಾದರೇನು, ಗುರುತೇ ಇಲ್ಲದ ಮನೆಯಾದರೇನು, ಲೆಕ್ಕ ಅದೇ.

ಮಕ್ಕಳು ಬೇಕೆನ್ನುವ ಹೊತ್ತಿಗೆ ನಿಮ್ಮ ಮುಂದೆ ಇರುವ ದಾರಿಗಳ ಬಗ್ಗೆಯೂ ಒಂದು ಎಚ್ಚರಿಕೆ. ಗರ್ಭದಲ್ಲಿರುವ ಮಗುವನ್ನು ನೇರವಾಗಿ ಪರೀಕ್ಷಿಸಿದಾಗ ಅದಕ್ಕೆ ನಿಮ್ಮ ಮನೆತನದ ಈ ವಂಶವಾಹಿ ಬಂದಿದೆ ಎಂದಾದರೆ ನಿಮಗೂ ಇದೆ ಎಂಬುದು ಆ ಕ್ಷಣವೇ ಸಾಬೀತಾಗುತ್ತದೆ. ತಮ್ಮ ಫಲಿತಾಂಶವನ್ನು ತಿಳಿಯಬಯಸದವರಿಗಾಗಿ, ಪ್ರನಾಳ ಗರ್ಭಧಾರಣೆಯಲ್ಲಿ ಭ್ರೂಣಗಳನ್ನು ಪರೀಕ್ಷಿಸಿ ಆ ವಂಶವಾಹಿ ಇಲ್ಲದವನ್ನಷ್ಟೇ ಗರ್ಭಕೋಶಕ್ಕೆ ಸೇರಿಸುವ, ಆದರೆ ಎಷ್ಟು ಭ್ರೂಣಗಳಲ್ಲಿ ಏನು ಕಂಡಿತು ಎಂಬುದನ್ನು ತಂದೆತಾಯಿಗೆ ಹೇಳದಿರುವ ಕ್ರಮವೊಂದು ಕೆಲವು ದೇಶಗಳಲ್ಲಿ ಬಳಕೆಯಲ್ಲಿದೆ. ಗೊತ್ತಿರುವ ಆನುವಂಶಿಕ ಕಾಯಿಲೆಗಾಗಿ ಭ್ರೂಣ ಪರೀಕ್ಷೆಗೆ ನಮ್ಮ ದೇಶದ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆಯೂ ಅವಕಾಶ ಕೊಡುತ್ತದೆ. ಖರ್ಚು ದೊಡ್ಡದು, ಪ್ರತಿ ಬಾರಿಯೂ ಫಲ ಸಿಗುತ್ತದೆ ಎಂಬ ಭರವಸೆಯಿಲ್ಲ.

ಮುಂದೆಂದಾದರೂ ಮನಸ್ಸು ಬದಲಾದರೆ ನಿಮ್ಹಾನ್ಸ್‌ನಂಥ ಕಡೆ ಮೊದಲು ಆಪ್ತಸಮಾಲೋಚಕರ ಜೊತೆ ಕುಳಿತು ಮಾತನಾಡಿ. ಅದಾದ ಮೇಲೆ ಯೋಚಿಸಲು ಕಾಲಾವಕಾಶ, ಆಮೇಲೆ ರಕ್ತ, ಫಲಿತಾಂಶದ ದಿನ ನೀವು ನಂಬುವ ಒಬ್ಬರು ಜೊತೆಗೆ, ಇದು ಸರಿಯಾದ ಕ್ರಮ. ರಕ್ತ ಕೊಟ್ಟ ಮೇಲೂ, ವರದಿ ಸಿದ್ಧವಾದ ಮೇಲೂ, "ನನಗೆ ಬೇಡ" ಎಂದು ಎದ್ದು ಬರುವ ಸ್ವಾತಂತ್ರ್ಯ ನಿಮಗಿದೆ. ವರದಿಯನ್ನು ದೊಡ್ಡಪ್ಪನವರ ವಾಟ್ಸ್ಆ್ಯಪ್‌ಗೆ ಕಳಿಸುವುದಾಗಿ ಹೇಳುವ ಪ್ರಯೋಗಾಲಯದ ಮೆಟ್ಟಿಲು ಹತ್ತಬೇಡಿ.

ಪ್ರಶ್ನೆ: ನನಗೆ 46 ವರ್ಷ. ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿದೆ. ಬಿಆರ್‌ಸಿಎ 1 ಎಂಬ ವಂಶವಾಹಿಯಲ್ಲಿ ದೋಷವಿದೆ, ಒಡಹುಟ್ಟಿದವರಿಗೆ ತಿಳಿಸಿ ಎಂದು ವೈದ್ಯರು ಹೇಳಿದ್ದಾರೆ. ನನಗೊಬ್ಬ ತಂಗಿ ಇದ್ದಾಳೆ. ಅಪ್ಪನ ಆಸ್ತಿ ಹಂಚಿಕೆಯಲ್ಲಿ ಜಗಳವಾಗಿ ಹಲವು ವರ್ಷಗಳಿಂದ ಮಾತಿಲ್ಲ. ನಾನು ಆಸ್ಪತ್ರೆಯಲ್ಲಿದ್ದಾಗಲೂ ಬರಲಿಲ್ಲ. ನನ್ನ ಕಾಯಿಲೆಯ ವಿಷಯ ಅವಳ ಬಾಯಿಗೆ ಬೀಳುವುದು ನನಗೆ ಬೇಡ. ಅವಳಿಗೆ 24ರ ಮಗಳಿದ್ದಾಳೆ. ನಾನು ಹೇಳಲೇಬೇಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಆದರೂ ತಿಳಿಸಬೇಕು ಎಂದೇ ಹೇಳುತ್ತೇನೆ. ಹಾಸನದ ಓದುಗರಿಗೆ ಕೊಟ್ಟ ಉತ್ತರಕ್ಕೂ ಇದಕ್ಕೂ ವಿರೋಧವಿಲ್ಲ. ಅಲ್ಲಿ ತಿಳಿದರೂ ತಡೆಯಲಾಗದ ಕಾಯಿಲೆ. ಇಲ್ಲಿ ತಿಳಿದರೆ ಜೀವ ಉಳಿಯಬಹುದಾದ ಕಾಯಿಲೆ. ಬಿಆರ್‌ಸಿಎ 1ರ ದೋಷವುಳ್ಳ ನೂರು ಮಹಿಳೆಯರಲ್ಲಿ ಸರಿಸುಮಾರು 60ರಿಂದ 70 ಮಂದಿಗೆ ಜೀವಿತಾವಧಿಯಲ್ಲಿ ಸ್ತನ ಕ್ಯಾನ್ಸರ್ ಬರುತ್ತದೆ, ಸುಮಾರು 40 ಮಂದಿಗೆ ಅಂಡಾಶಯದ ಕ್ಯಾನ್ಸರ್. ನಿಮ್ಮ ತಂಗಿಗೆ ಆ ದೋಷ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಈ ದೋಷವಿರುವವರು ಚಿಕ್ಕ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಎಂಆರ್‌ಐ ಸ್ಕ್ಯಾನ್ ಮಾಡಿಸಿಕೊಳ್ಳಬಹುದು, ಮಕ್ಕಳಾದ ಮೇಲೆ 35–40ರ ಹೊತ್ತಿಗೆ ಅಂಡಾಶಯಗಳನ್ನು ತೆಗೆಸಿಕೊಳ್ಳುವ ನಿರ್ಧಾರ ಮಾಡಬಹುದು. ಅಂಡಾಶಯದ ಕ್ಯಾನ್ಸರ್ ಬಹುಮಟ್ಟಿಗೆ ತಡವಾಗಿಯೇ ಕೈಗೆ ಸಿಗುವ ಕಾಯಿಲೆಯಾದ್ದರಿಂದ ಈ ಮುನ್ನೆಚ್ಚರಿಕೆಯ ಬೆಲೆ ದೊಡ್ಡದು.

ಆದರೆ ಹೇಳುವುದೆಂದರೆ ಫೋನ್ ಮಾಡಿ ರಾಜಿಯಾಗಬೇಕೆಂದೇನೂ ಇಲ್ಲ. ಆಸ್ತಿಯ ಜಗಳ ಅದರ ಪಾಡಿಗೆ ಇರಲಿ. ಇಂಥ ಸಂದರ್ಭಕ್ಕೆಂದೇ ವೈದ್ಯರು ಒಂದು ಪತ್ರ ಬರೆದುಕೊಡುತ್ತಾರೆ: ನಿಮ್ಮ ರಕ್ತಸಂಬಂಧಿಯೊಬ್ಬರಲ್ಲಿ ಇಂಥ ವಂಶವಾಹಿ ದೋಷ ಕಂಡಿದೆ, ನೀವು ತಜ್ಞರನ್ನು ಕಾಣುವುದು ಒಳ್ಳೆಯದು, ಪರೀಕ್ಷೆ ಮಾಡಿಸುವುದು ನಿಮಗೆ ಬಿಟ್ಟದ್ದು, ಎಂದು. ಅದನ್ನು ಅಂಚೆಯಲ್ಲಿ ಕಳಿಸಬಹುದು, ಇಬ್ಬರಿಗೂ ಬೇಕಾದ ಸೋದರತ್ತೆಯ ಕೈಯಲ್ಲಿ ಕೊಡಿಸಬಹುದು. ಫ್ರಾನ್ಸಿನಲ್ಲಿ ಕಾನೂನೇ ಹೀಗಿದೆ. ಅಪಾಯದಲ್ಲಿರುವ ಬಂಧುಗಳಿಗೆ ರೋಗಿಯೇ ತಿಳಿಸಬೇಕು, ಇಲ್ಲವೇ ಹೆಸರು ಹೇಳದೆ ತಿಳಿಸುವಂತೆ ವೈದ್ಯರನ್ನು ಕೇಳಿಕೊಳ್ಳಬೇಕು. ಇಬ್ಬರೇ ಅಕ್ಕತಂಗಿಯರಿರುವ ಮನೆಯಲ್ಲಿ ಹೆಸರಿಲ್ಲದ ಪತ್ರ ಯಾರದೆಂದು ಊಹಿಸುವುದು ಕಷ್ಟವಲ್ಲ ಎಂಬುದೂ ನಿಜ. ಆದರೂ ಕಾಯಿಲೆ ಯಾವ ಹಂತದ್ದು, ಯಾವ ಚಿಕಿತ್ಸೆ ನಡೆದಿದೆ ಎಂಬ ವಿವರಗಳು ಅದರಲ್ಲಿ ಇರುವುದಿಲ್ಲ.

ನೀವು ಒಪ್ಪದಿದ್ದರೆ ನಿಮ್ಮ ವೈದ್ಯರು ತಾವಾಗಿ ತಂಗಿಗೆ ಹೇಳಬಹುದೇ? ಇದರ ಬಗ್ಗೆ ಬ್ರಿಟನ್ನಿನ ಒಂದು ಮೊಕದ್ದಮೆ ಹೆಸರಾಗಿದೆ. ಪತ್ನಿಯನ್ನು ಕೊಂದು ಮಾನಸಿಕ ಆಸ್ಪತ್ರೆಯ ವಶದಲ್ಲಿದ್ದ ಒಬ್ಬಾತನಿಗೆ 2009ರಲ್ಲಿ ಹಂಟಿಂಗ್ಟನ್ ಇದೆ ಎಂದು ಗೊತ್ತಾಯಿತು. ಗರ್ಭಿಣಿಯಾಗಿದ್ದ ಮಗಳಿಗೆ ಹೇಳಬೇಡಿ ಎಂದು ಆತ ವೈದ್ಯರನ್ನು ತಡೆದ. ಮಗು ಹುಟ್ಟಿದ ಮೇಲೆ ವಿಷಯ ತಿಳಿದ ಮಗಳು, ಮೊದಲೇ ಗೊತ್ತಾಗಿದ್ದರೆ ಗರ್ಭ ಮುಂದುವರಿಸುತ್ತಿರಲಿಲ್ಲ ಎಂದು ದಾವೆ ಹೂಡಿದಳು. ರೋಗಿಯ ಗೋಪ್ಯತೆಯನ್ನೂ ಬಂಧುವಿಗೆ ಆಗಬಹುದಾದ ಹಾನಿಯನ್ನೂ ತೂಗಿ ನೋಡುವ ಹೊಣೆ ವೈದ್ಯರಿಗೆ ಉಂಟು ಎಂದು ಇಂಗ್ಲೆಂಡಿನ ಹೈಕೋರ್ಟ್ 2020ರಲ್ಲಿ ಹೇಳಿತು; ಆದರೆ ಆ ವೈದ್ಯರು ತೂಗಿಯೇ ನೋಡಿದ್ದರೆಂದು ಮಗಳ ದಾವೆಯನ್ನು ತಳ್ಳಿಹಾಕಿತು. ನಮ್ಮ ಸುಪ್ರೀಂ ಕೋರ್ಟ್ 1998ರಲ್ಲಿ, ಎಚ್‌ಐವಿ ಇದ್ದ ವ್ಯಕ್ತಿಯ ವಿಷಯ ಅವರು ಮದುವೆಯಾಗಲಿದ್ದವರ ಕಡೆಗೆ ತಿಳಿದ ಪ್ರಕರಣದಲ್ಲಿ, ಗೋಪ್ಯತೆಯ ಹಕ್ಕು ಸಂಪೂರ್ಣವಲ್ಲ ಎಂದಿದೆ. ಎಚ್‌ಐವಿ ಒಬ್ಬರಿಂದ ಇನ್ನೊಬ್ಬರಿಗೆ ಹರಡುತ್ತದೆ, ನಿಮ್ಮ ವಂಶವಾಹಿ ತಂಗಿಗೆ ನಿಮ್ಮಿಂದ ಹರಡುವುದಿಲ್ಲ, ಬಂದಿದ್ದರೆ ಹುಟ್ಟುವಾಗಲೇ ಬಂದಿರುತ್ತದೆ. ಹಾಗಾಗಿ ಆ ತೀರ್ಪನ್ನು ಇಲ್ಲಿಗೆ ಎಳೆದು ತರುವುದು ನನಗೆ ಸರಿ ಕಾಣುವುದಿಲ್ಲ. ವೈದ್ಯರು ನಿಮ್ಮನ್ನು ಒಪ್ಪಿಸಲು ಮತ್ತೆ ಮತ್ತೆ ಪ್ರಯತ್ನಿಸಲಿ, ಆದರೆ ನಿಮ್ಮ ಬೆನ್ನ ಹಿಂದೆ ಫೋನ್ ಮಾಡುವುದನ್ನು ನಾನು ಸಮರ್ಥಿಸಲಾರೆ.

ಪತ್ರ ತಲುಪಿದ ಮೇಲೆ ತಂಗಿಯ ಮಟ್ಟಿಗೆ ನಿಮ್ಮ ಜವಾಬ್ದಾರಿ ಮುಗಿಯಿತು. ತಂಗಿ ಅದನ್ನು ಹರಿದೆಸೆದರೂ ಅದು ಅವರ ಸ್ವಾತಂತ್ರ್ಯ. ತೊಡಕಿರುವುದು ತಂಗಿಯ ಮಗಳ ವಿಷಯದಲ್ಲಿ: ತಾಯಿ ಬೇಡವೆಂದರೂ ಮಗಳು ಪರೀಕ್ಷೆ ಮಾಡಿಸಿಕೊಂಡು, ನಿಮ್ಮಲ್ಲಿ ಕಂಡ ಅದೇ ದೋಷ ಆಕೆಯಲ್ಲೂ ಕಂಡರೆ, ಪರೀಕ್ಷೆಗೇ ಹೋಗದ ತಾಯಿಯ ಫಲಿತಾಂಶವೂ ಹೊರಬಿದ್ದಂತೆಯೇ. ಹಾಗಿದ್ದರೂ 24ರ ಯುವತಿಗೆ ತನ್ನ ದೇಹದ ಅಪಾಯವನ್ನು ತಿಳಿಯುವ ಹಕ್ಕಿದೆ. ತಾಯಿಯ ತಿಳಿಯದಿರುವ ಹಕ್ಕು ಮಗಳ ಬಾಯಿ ಕಟ್ಟುವಷ್ಟು ದೊಡ್ಡದಲ್ಲ. ಮೊದಲು ತಂಗಿಗೆ ಬರೆಯಿರಿ, ಉತ್ತರ ಬಾರದಿದ್ದರೆ ಸ್ವಲ್ಪ ಕಾಲದ ನಂತರ ಮಗಳಿಗೂ ಅಂಥದೇ ಪತ್ರ ತಲುಪಿಸಿ. ನಿಮಗೆ ಅಣ್ಣತಮ್ಮಂದಿರಿದ್ದರೆ ಅವರನ್ನೂ ಮರೆಯಬೇಡಿ. ಈ ದೋಷ ಗಂಡಸರ ಮೂಲಕವೂ ಮಕ್ಕಳಿಗೆ ಹೋಗುತ್ತದೆ, ಆದರೆ ಅವರಿಗೆ ಯಾರೂ ಹೇಳುವುದೇ ಇಲ್ಲ.

ಪ್ರಶ್ನೆ: ನಮ್ಮ ಹಾಡಿಯಲ್ಲಿ ಸಿಕಲ್ ಸೆಲ್ ಪರೀಕ್ಷೆ ಮಾಡಿ ಕಾರ್ಡ್ ಕೊಟ್ಟಿದ್ದಾರೆ. ನನ್ನದರಲ್ಲಿ ವಾಹಕ ಎಂದಿದೆ. ಹೆಸರುಗಳನ್ನು ಎಲ್ಲರೆದುರು ಓದಿದ್ದರಿಂದ ಈಗ ನನಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಕಾರ್ಡ್ ತೋರಿಸಲೇಬೇಕೇ?
– ಯುವಕ, ಎಚ್.ಡಿ. ಕೋಟೆ ತಾಲ್ಲೂಕು

ಉತ್ತರ: ಹೆಸರು ಓದಿದ್ದು ತಪ್ಪು. ಅದನ್ನು ತಾಲ್ಲೂಕು ಆರೋಗ್ಯಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ. ಕಾರ್ಡ್ ನಿಮ್ಮದು, ಕೇಳಿದವರಿಗೆಲ್ಲ ತೋರಿಸಬೇಕಾಗಿಲ್ಲ. ಸಿಕಲ್ ಸೆಲ್ ಎಂಬುದು ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಆನುವಂಶಿಕ ಕಾಯಿಲೆ. ವಾಹಕ ಎಂದರೆ ದೋಷವುಳ್ಳ ವಂಶವಾಹಿಯ ಒಂದೇ ಪ್ರತಿ ಇರುವವರು, ರೋಗಿಯಲ್ಲ; ಸಾಮಾನ್ಯ ಜೀವನದಲ್ಲಿ ನಿಮಗೆ ಇದರಿಂದ ತೊಂದರೆಯಿಲ್ಲ. ವಾಹಕರಲ್ಲದ ಹುಡುಗಿಯನ್ನು ಮದುವೆಯಾದರೆ ನಿಮ್ಮ ಮಕ್ಕಳಿಗೆ ಕಾಯಿಲೆ ಬರುವುದಿಲ್ಲ, ಕೆಲವರು ನಿಮ್ಮಂತೆ ವಾಹಕರಾಗಬಹುದು ಅಷ್ಟೆ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆಯ ಸಾಧ್ಯತೆಯಿದೆ.

2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನ ಕರ್ನಾಟಕವೂ ಸೇರಿದಂತೆ 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಟ್ಟುಕೊಂಡಿದೆ. ಗುರಿ ಒಳ್ಳೆಯದೇ, ಆದರೆ ಗೋಪ್ಯತೆ ಇಲ್ಲದ ಪರೀಕ್ಷೆಯಿಂದ ಏನಾಗುತ್ತದೆ ಎಂಬುದಕ್ಕೆ ಹಳೆಯ ಪಾಠಗಳಿವೆ. ವಾಹಕರ ಹಣೆಯ ಮೇಲೆ ಹಚ್ಚೆ ಹಾಕಬೇಕು ಎಂದು 1968ರಲ್ಲಿ ಬರೆದವರು ಎರಡು ನೊಬೆಲ್ ಪಡೆದ ಅಮೆರಿಕದ ವಿಜ್ಞಾನಿ ಲೈನಸ್ ಪಾಲಿಂಗ್. ಬುದ್ಧಿವಂತಿಕೆ ಇದ್ದ ಕಡೆಯೆಲ್ಲ ವಿವೇಕವೂ ಇರಬೇಕೆಂದೇನಿಲ್ಲ. ಗ್ರೀಸಿನ ಆರ್ಖೊಮೆನೊಸ್ ಎಂಬಲ್ಲಿ ಊರಿಗೆ ಊರನ್ನೇ ಪರೀಕ್ಷಿಸಿ ಹೇಳಿದಾಗ, ವಾಹಕರು ವಿಷಯ ಮುಚ್ಚಿಡತೊಡಗಿದರೇ ಹೊರತು ವಾಹಕರ ನಡುವಿನ ಮದುವೆಗಳು ಕಡಿಮೆಯಾಗಲಿಲ್ಲ. ಸೈಪ್ರಸ್ಸಿನಲ್ಲಿ ಮಾತ್ರ ಬೇರೆ ಜಾಣ್ಮೆ ತೋರಿದರು. ಅಲ್ಲಿ ಚರ್ಚು 1980ರ ದಶಕದಿಂದ ಮದುವೆಗೆ ಮೊದಲು ಥಲಸ್ಸೇಮಿಯಾ ಎಂಬ, ರಕ್ತದ ಇನ್ನೊಂದು ಆನುವಂಶಿಕ ಕಾಯಿಲೆಯ ಪರೀಕ್ಷೆಯ ಪ್ರಮಾಣಪತ್ರ ಕೇಳುತ್ತದೆ, ಆದರೆ ಪರೀಕ್ಷೆಯೂ ಸಮಾಲೋಚನೆಯೂ ಆಗಿದೆ ಎಂದಷ್ಟೇ ಅದರಲ್ಲಿರುತ್ತದೆ, ಫಲಿತಾಂಶ ಇರುವುದಿಲ್ಲ. ಅದನ್ನು ತಿಳಿದು ನಿರ್ಧರಿಸುವವರು ಮದುವೆಯಾಗುವ ಇಬ್ಬರೇ.

ನೀವೂ ಹಾಗೆಯೇ ಮಾಡಬಹುದು. ಮಾತು ಮುಂದುವರಿದಾಗ ಹುಡುಗಿಗೆ ನೀವೇ ಹೇಳಿ, ಆಕೆ ಒಪ್ಪಿದರೆ ಇಬ್ಬರೂ ಜಿಲ್ಲಾ ಆಸ್ಪತ್ರೆಯಲ್ಲಿ ಒಟ್ಟಿಗೆ ಸಮಾಲೋಚನೆಗೆ ಹೋಗಿ. ಆಕೆಯ ಪರೀಕ್ಷೆ ಸಿಕಲ್ ಸೆಲ್‌ಗೆ ಮಾತ್ರವಲ್ಲದೆ ಬೀಟಾ ಥಲಸ್ಸೇಮಿಯಾಕ್ಕೂ ಆಗಲಿ, ಏಕೆಂದರೆ ಆ ಎರಡು ವಾಹಕತ್ವಗಳು ಕೂಡಿದರೂ ಮಗುವಿಗೆ ಕಾಯಿಲೆ ಬರಬಹುದು. ಇಬ್ಬರೂ ವಾಹಕರೆಂದು ತಿಳಿದರೂ ಮದುವೆಗೆ ಕಾನೂನಿನ ಅಡ್ಡಿಯಿಲ್ಲ. ಬಸಿರಿನ ಮೂರನೆಯ ತಿಂಗಳ ಹೊತ್ತಿಗೆ ಮಗುವಿನ ಪರೀಕ್ಷೆ ಸಾಧ್ಯವಿದೆ, ಅದು ಬೇಡವೆನ್ನುವುದಕ್ಕೂ ಆಕೆಗೆ ಹಕ್ಕಿದೆ. ಅಕ್ಕನ ಮಗಳನ್ನೋ ಅತ್ತೆಯ ಮಗಳನ್ನೋ ತರುವ ಮಾತಿದ್ದರೆ ಈ ಸಮಾಲೋಚನೆಗೆ ಮೊದಲೇ ಹೋಗಿ, ಒಂದೇ ಮನೆತನದಲ್ಲಿ ಇಬ್ಬರೂ ವಾಹಕರಾಗಿರುವ ಸಂಭವ ಹೆಚ್ಚು.